ಬಲ ಇರುವವರಿಗೆ ಬೀಳುವುದನ್ನು ಕಲಿಸುವ ಕೆಲಸ

ನಾನು ಸ್ಟ್ರೆಂತ್ ಕೋಚ್. ಒಂದು ಆಟ ಬಿಟ್ಟು ಇನ್ನೊಂದಕ್ಕೆ ಹೊರಟವರ ಮೈಯನ್ನು ಹೊಸ ಆಟಕ್ಕೆ ಅಣಿ ಮಾಡುವುದೇ ನನ್ನ ಕೆಲಸದ ದೊಡ್ಡ ಭಾಗ. ಬಾಡಿಬಿಲ್ಡಿಂಗ್ ವೇದಿಕೆಯಿಂದ ರೆಸ್ಲಿಂಗ್ ಕಡೆ ಹೋಗಬೇಕು ಅನ್ನುವ ಹೆಣ್ಣುಮಕ್ಕಳು ಬಂದರೆ ನಾನು ಜೋನಿ ಲಾರರ್ ಬಗ್ಗೆ ಹೇಳುತ್ತೇನೆ. ರೆಸ್ಲಿಂಗ್ ನೋಡಿ ಬೆಳೆದವರಿಗೆ ಆಕೆಯ ರಿಂಗ್ ಹೆಸರು ಚೈನಾ ಅಂದರೆ ಬೇಗ ನೆನಪಾಗುತ್ತದೆ.

ಆಕೆ ಹುಟ್ಟಿದ್ದು 1969ರಲ್ಲಿ, ಅಮೆರಿಕದ ರಾಚೆಸ್ಟರ್‌ನಲ್ಲಿ. ತೊಂಬತ್ತರ ದಶಕದಲ್ಲಿ ಮೈ ಕಟ್ಟಿ ಫಿಟ್‌ನೆಸ್ ಸ್ಪರ್ಧೆಗಳಿಗೆ ಇಳಿದರು. ಹೆಚ್ಚಿನ ಸಲ ಕೊನೆಯ ಸ್ಥಾನವೇ ಸಿಗುತ್ತಿತ್ತು. ದುಡಿಮೆ ಕಡಿಮೆ ಇತ್ತು ಅಂತ ಯಾರೂ ಹೇಳುವ ಹಾಗಿರಲಿಲ್ಲ. ಪಕ್ಕದಲ್ಲಿ ನಿಂತವರಿಗಿಂತ ಆಕೆಯ ಮೈಕಟ್ಟು ದೊಡ್ಡದಾಗಿತ್ತು, ಆ ವಿಭಾಗದ ತೀರ್ಪುಗಾರರಿಗೆ ಅಷ್ಟು ಮಾಂಸಖಂಡ ಬೇಕಿರಲಿಲ್ಲ. 1997ರ ಫೆಬ್ರವರಿಯಲ್ಲಿ ಅದೇ ಮೈ ಹೊತ್ತು ಡಬ್ಲ್ಯೂಡಬ್ಲ್ಯೂಎಫ್ (ಇಂದಿನ ಡಬ್ಲ್ಯೂಡಬ್ಲ್ಯೂಇ) ಅನ್ನುವ ರೆಸ್ಲಿಂಗ್ ಕಂಪನಿಗೆ ಬಂದರು. ಟ್ರಿಪಲ್ ಎಚ್ ಅನ್ನುವ ರೆಸ್ಲರ್‌ಗೆ ಬಾಡಿಗಾರ್ಡ್ ಪಾತ್ರ. ನೋಡುವವರ ಕಣ್ಣು ಅವರ ಮೇಲಿಂದ ಕದಲಲಿಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ಒಂದು ಕಡೆ ಬೇಡವಾದ ಮೈ ಇನ್ನೊಂದು ಕಡೆ ಬೇಕಾಯಿತು, ಮುಗಿಯಿತು. ನನ್ನ ಕೆಲಸದಲ್ಲಿ ನಿಂತು ನೋಡಿದರೆ ಮುಖ್ಯವಾದದ್ದೇ ಇದರಲ್ಲಿ ಬಿಟ್ಟುಹೋಗಿದೆ. ನಡುವೆ ಮ್ಯಾಸಚೂಸೆಟ್ಸ್‌ನಲ್ಲಿ ಕಿಲ್ಲರ್ ಕೊವಾಲ್ಸ್‌ಕಿ ಅನ್ನುವ ಹಳೆಯ ರೆಸ್ಲರ್ ನಡೆಸುತ್ತಿದ್ದ ಶಾಲೆ ಇದೆ. ಟ್ರಿಪಲ್ ಎಚ್ ಕಲಿತದ್ದೂ ಅಲ್ಲೇ. ಟಿವಿಯಲ್ಲಿ ಕಾಣಿಸುವ ಮೊದಲು ಲಾರರ್ ಅಲ್ಲಿ ಬೆವರು ಹರಿಸಿದ್ದರು, ಸಣ್ಣಪುಟ್ಟ ಊರುಗಳ ಶೋಗಳಲ್ಲಿ ಆಡಿದ್ದರು.

ರೆಸ್ಲಿಂಗ್ ಕಲಿಯುವವರ ಮೊದಲ ಪಾಠ ಬೀಳುವುದು. ಇದಕ್ಕೆ ಬಂಪ್ ಅನ್ನುತ್ತಾರೆ. ರಿಂಗ್ ಮೆತ್ತಗಿದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಕೆಳಗೆ ಉಕ್ಕಿನ ಚೌಕಟ್ಟು, ಅದರ ಮೇಲೆ ಹಲಗೆ, ತೆಳುವಾದ ಫೋಮ್, ಮೇಲೊಂದು ಕ್ಯಾನ್ವಾಸ್, ಅಷ್ಟೇ. ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆ ಹಿಂದಕ್ಕೆ ಬಡಿಯುತ್ತದೆ. ಬೆನ್ನಿನ ಮೇಲ್ಭಾಗ ಅಗಲವಾಗಿ ನೆಲಕ್ಕೆ ತಾಗಬೇಕು. ಅದೇ ಕ್ಷಣಕ್ಕೆ ಎರಡೂ ಕೈ ನೆಲಕ್ಕೆ ಬಡಿಯಬೇಕು, ಉಸಿರು ಹೊರಗೆ ಹೋಗಬೇಕು. ಮೊಣಕೈ ಊರಿದರೆ ಅಥವಾ ಬೆನ್ನುಮೂಳೆಯ ತುದಿ ಮೊದಲು ತಾಗಿದರೆ ಪೆಟ್ಟು ಗ್ಯಾರಂಟಿ.

ಇದು ಬಾಡಿಬಿಲ್ಡರ್‌ಗೆ ಬೇರೆಯವರಿಗಿಂತ ಜಾಸ್ತಿ ಕಷ್ಟ. ವರ್ಷಗಟ್ಟಲೆ ಅವರು ಕಲಿತದ್ದು ಮೈ ಬಿಗಿಹಿಡಿಯುವುದನ್ನು. ಬೀಳುತ್ತಿದ್ದೇನೆ ಅನಿಸಿದ ಕೂಡಲೇ ಉಸಿರು ಕಟ್ಟುತ್ತಾರೆ, ಕೈ ಹಿಂದಕ್ಕೆ ಚಾಚುತ್ತಾರೆ. ತನ್ನ ಬಲದಿಂದಲೇ ತಡೆದುಕೊಳ್ಳಬಹುದು ಅಂತ ಮೈ ನಂಬಿಬಿಟ್ಟಿರುತ್ತದೆ. ನೂರು ಕಿಲೋ ಎತ್ತುವ ಹೆಂಗಸು ನೆಲದ ಮೇಲೆ ಉರುಳುವುದನ್ನು ಮಕ್ಕಳ ಹಾಗೆ ಮೊದಲಿಂದ ಕಲಿಯಬೇಕು. ಅದು ಮನಸ್ಸಿಗೆ ನೋವು ಕೊಡುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಆ ಹೊತ್ತಿನಲ್ಲಿ ಅವರನ್ನು ಆತುರಪಡಿಸದಿರುವುದು ನನ್ನ ಕೆಲಸ. ಮಂಡಿಯೂರಿ ಕೂತ ಎತ್ತರದಿಂದ ಶುರು ಮಾಡುತ್ತೇನೆ, ಆಮೇಲೆ ಕುಕ್ಕರಗಾಲಿನಿಂದ, ನಿಂತು ಬೀಳುವುದು ತುಂಬಾ ಆಮೇಲೆ.

ಎಲ್ಲವೂ ಮೊದಲಿಂದ ಅಂತೇನೂ ಇಲ್ಲ. ವೇದಿಕೆಯಲ್ಲಿ ಮೈ ಬಿಗಿದು ತೋರಿಸುವ ಪೋಸಿಂಗ್ ಮಾಡಿದವರಿಗೆ ದೂರದ ಕುರ್ಚಿಯಲ್ಲಿ ಕೂತವರಿಗೂ ತಮ್ಮ ಮೈ ಹೇಗೆ ಕಾಣುತ್ತದೆ ಅನ್ನುವುದು ಗೊತ್ತಿರುತ್ತದೆ. ಚೈನಾ ಮೊದಲ ದಿನಗಳಲ್ಲಿ ಮಾತೇ ಆಡುತ್ತಿರಲಿಲ್ಲ. ಸುಮ್ನೆ ನಿಲ್ಲುತ್ತಿದ್ದರು, ಅಷ್ಟಕ್ಕೇ ಸಭೆ ಅವರತ್ತ ತಿರುಗುತ್ತಿತ್ತು. ಡಾನಾ ಬ್ರೂಕ್ ಅನ್ನುವ ರೆಸ್ಲರ್ ಕೂಡ ಬಾಡಿಬಿಲ್ಡಿಂಗ್‌ನಿಂದ ಬಂದವರೇ. ಆದರೆ ಅದಕ್ಕೂ ಮೊದಲು ಅವರು ಜಿಮ್ನಾಸ್ಟ್. ಅಂಥವರಿಗೆ ಗಾಳಿಯಲ್ಲಿ ತಲೆ ಎಲ್ಲಿದೆ, ಕಾಲು ಎಲ್ಲಿದೆ ಅನ್ನುವ ಅರಿವು ಚಿಕ್ಕಂದಿನಿಂದಲೇ ಇರುತ್ತದೆ. ಹಾಗಾಗಿ ಯಾರೇ ಬಂದರೂ ಜಿಮ್‌ಗೆ ಸೇರುವ ಮುಂಚೆ ಏನು ಆಡುತ್ತಿದ್ದಿರಿ ಅಂತ ಕೇಳುತ್ತೇನೆ.

ಇನ್ನೊಂದು ಪಾಠ ಇದಕ್ಕಿಂತ ಆಳವಾದದ್ದು. ಬಾಡಿಬಿಲ್ಡಿಂಗ್‌ನಲ್ಲಿ ಬಲ ನಿಮ್ಮದು, ಅಂಕವೂ ನಿಮ್ಮದು. ಪ್ರೊ ರೆಸ್ಲಿಂಗ್‌ನಲ್ಲಿ ನೀವು ತಲೆಯ ಮೇಲೆ ಎತ್ತಿದ ಮನುಷ್ಯನ ಕುತ್ತಿಗೆ ನಿಮ್ಮ ಕೈಯಲ್ಲಿರುತ್ತದೆ. ಎತ್ತುವಾಗ ಆತನೂ ಜಿಗಿದು ನೆರವಾಗುತ್ತಾನೆ. ಇಳಿಸುವಾಗ ಹೆಚ್ಚಿನ ಭಾರ ನಿಮ್ಮದೇ. ಅದಕ್ಕೇ ನಾನು ತರಬೇತಿಯಲ್ಲಿ ಎತ್ತುವುದಕ್ಕಿಂತ ನಿಧಾನವಾಗಿ ಇಳಿಸುವುದಕ್ಕೆ ಜಾಸ್ತಿ ಸಮಯ ಕೊಡುತ್ತೇನೆ.

ಹೆಂಗಸಿನ ಕೈಯಲ್ಲಿ ಪೆಟ್ಟು ತಿಂದವರ ಹಾಗೆ ಕಾಣಲು ಶುರುವಿನಲ್ಲಿ ಗಂಡಸು ರೆಸ್ಲರ್‌ಗಳು ಹಿಂಜರಿದಿದ್ದರು. ಅವರ ಜತೆಯಲ್ಲೇ ಚೈನಾ 1999ರಲ್ಲಿ ಹಲವರು ಒಂದೇ ರಿಂಗ್‌ಗೆ ಇಳಿಯುವ ರಾಯಲ್ ರಂಬಲ್ ಪಂದ್ಯಕ್ಕೆ ಇಳಿದರು, ಅದರಲ್ಲಿ ಆಡಿದ ಮೊದಲ ಹೆಣ್ಣು. ಅದೇ ವರ್ಷ ಅಕ್ಟೋಬರ್ 17ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಜೆಫ್ ಜಾರೆಟ್‌ರನ್ನು ಸೋಲಿಸಿ ಇಂಟರ್‌ಕಾಂಟಿನೆಂಟಲ್ ಪಟ್ಟ ಪಡೆದರು. ಆ ಪಟ್ಟ ಅಲ್ಲಿಯವರೆಗೆ ಯಾವ ಹೆಣ್ಣಿಗೂ ಬಂದಿರಲಿಲ್ಲ. ಫಲಿತಾಂಶ ಮೊದಲೇ ಬರೆದಿಟ್ಟದ್ದು, ನಿಜ. ಆದರೆ ಎದುರಿಗಿರುವವರು ತಮ್ಮ ಮೈಯನ್ನು ನಿಮ್ಮ ಕೈಗೆ ಕೊಡಬೇಕಾದರೆ ನಂಬಿಕೆ ಬೇಕಲ್ವಾ? ಅದನ್ನು ಯಾರೂ ಬರೆದುಕೊಡುವುದಿಲ್ಲ. ನನ್ನ ಕಣ್ಣಿಗೆ ಆಕೆಯ ದೊಡ್ಡ ಸಾಧನೆ ಅದೇ.

2001ರ ಏಪ್ರಿಲ್‌ನಲ್ಲಿ ಕಂಪನಿಯ ದೊಡ್ಡ ವಾರ್ಷಿಕ ಶೋ ರೆಸಲ್‌ಮೇನಿಯಾದಲ್ಲಿ ಐವರಿ ಅನ್ನುವ ರೆಸ್ಲರ್‌ರನ್ನು ಸೋಲಿಸಿ ಮಹಿಳೆಯರ ಪಟ್ಟವನ್ನೂ ಗೆದ್ದರು. ಆ ವರ್ಷ ಮುಗಿಯುವುದರೊಳಗೆ ಕಂಪನಿಯಲ್ಲಿ ಅವರಿರಲಿಲ್ಲ. 2002ರಲ್ಲಿ ಜಪಾನ್‌ನಲ್ಲಿ ಆಡಿದರು. ಮುಂದಿನ ವರ್ಷಗಳು ಕಷ್ಟದವು, ವ್ಯಸನವೂ ಜತೆಗೆ ಬಂತು. 2016ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಮನೆಯಲ್ಲಿ ತೀರಿಕೊಂಡಾಗ ವಯಸ್ಸು 46. 2019ರಲ್ಲಿ ಡಬ್ಲ್ಯೂಡಬ್ಲ್ಯೂಇ ಹಾಲ್ ಆಫ್ ಫೇಮ್‌ಗೆ ಹೆಸರು ಸೇರಿತು, ಟ್ರಿಪಲ್ ಎಚ್ ಕೂಡ ಇದ್ದ ಡಿ-ಜನರೇಷನ್ ಎಕ್ಸ್ ತಂಡದ ಒಬ್ಬ ಸದಸ್ಯೆಯಾಗಿ. ಒಬ್ಬರೇ ನಿಂತು ಆ ಗೌರವ ಪಡೆಯುವ ಅರ್ಹತೆ ಆಕೆಗೆ ಇತ್ತು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಈ ಭಾಗವನ್ನು ನಾನು ಮುಚ್ಚಿಡುವುದಿಲ್ಲ. ಆ ಕಂಪನಿ ರೆಸ್ಲರ್‌ಗಳನ್ನು ನೌಕರರು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಸ್ವತಂತ್ರ ಗುತ್ತಿಗೆದಾರರು. ಬಾಡಿಬಿಲ್ಡರ್‌ಗಳು ಒಂದು ದಿನಕ್ಕೆ ಮೈ ತಯಾರು ಮಾಡಿ ಆಮೇಲೆ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ರೆಸ್ಲಿಂಗ್‌ಗೆ ಹಾಗೆ ಬಿಡುವಿನ ಸೀಸನ್ ಇಲ್ಲ, ವರ್ಷಪೂರ್ತಿ ಊರೂರು ಸುತ್ತಾಟ.

ಹಾಗಾಗಿ ಬಂದವರ ಜತೆ ಮೊದಲ ವಾರದಲ್ಲೇ ಕೂತು ಮಾತಾಡುತ್ತೇನೆ. ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು? ಆಡಲಾಗದ ತಿಂಗಳುಗಳಲ್ಲಿ ಹಣ ಬರುತ್ತದಾ? ರಿಂಗ್‌ನಲ್ಲಿ ಬಳಸುವ ಹೆಸರು ನಿಮ್ಮದಾ, ಕಂಪನಿಯದಾ? ನೋವಿನ ಮಾತ್ರೆ ಯಾರು ಬರೆಯುತ್ತಾರೆ, ಯಾರು ಲೆಕ್ಕ ಇಡುತ್ತಾರೆ? ಸಹಿ ಹಾಕುವ ಮೊದಲು ಇವಕ್ಕೆ ಉತ್ತರ ತನ್ನಿ ಅನ್ನುತ್ತೇನೆ. ಕೇಳಿ ಬಂದು ಮನಸ್ಸು ಬದಲಿಸಿದವರು ಇದ್ದಾರೆ, ಅದೂ ಸರಿಯೇ. ಎಲ್ಲ ತಿಳಿದುಕೊಂಡು ಹೊರಟವರಿಗೆ ಮರುದಿನವೇ ಕುತ್ತಿಗೆಯ ವ್ಯಾಯಾಮ ಶುರು ಮಾಡುತ್ತೇವೆ.