ನಲವತ್ತೆಂಟು ಗಜ್ಜುಗದ ಕಾಯಿಗಳು

ಬೆಳಿಗ್ಗೆ ಏಳಕ್ಕೆಲ್ಲ ಶಾಲೆಯ ಅಂಗಳದಲ್ಲಿ ಹಿಡಿಸೂಡಿಗಳ ಸದ್ದು. ಗರಿಕಡ್ಡಿಯ ಮೋಟು ಪೊರಕೆ ಹಿಡಿದು, ಸೊಂಟ ಬಗ್ಗಿಸಿ, ಕೆಂಪು ಮಣ್ಣಿನ ಮೇಲೆ ಅರ್ಧಚಂದ್ರಗಳನ್ನು ಎಳೆಯುತ್ತಾ ಮಕ್ಕಳು ಹಿಂದಕ್ಕೆ ಸರಿಯುತ್ತಿದ್ದರು. ಪುತ್ತೂರಿನ ನನ್ನ ಶಾಲೆಯಲ್ಲಿ ನಾನೂ ಹೀಗೆಯೇ ಗುಡಿಸಿದ್ದೆ. ನನ್ನೊಂದಿಗೆ ಬಂದಿದ್ದ ಇಂಗ್ಲೆಂಡಿನ ಬ್ರಿಸ್ಟಲ್‌ನ ಹತ್ತು ಮಕ್ಕಳು ಮಾತ್ರ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಅವರ ಶಾಲೆಯನ್ನು ಸಂಜೆ ಯಾರೋ ಬಂದು ಗುಡಿಸಿ ಹೋಗುತ್ತಾರೆ. ಐದು ನಿಮಿಷದಲ್ಲಿ ಅವರ ಕೈಗೂ ಪೊರಕೆ ಬಂತು. ಆಮೇಲೆ ಡೋಲು ಬಾರಿಸಿದರು. ಎಲ್ಲರೂ ಹಾಡುತ್ತಾ, ಹೆಜ್ಜೆ ಹಾಕುತ್ತಾ ತರಗತಿಗೆ ನಡೆದರು.

ಇದು ಘಾನಾ ದೇಶದ ಕೇಪ್ ಕೋಸ್ಟ್. ನಾನು ಬ್ರಿಸ್ಟಲ್‌ನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಫೆಬ್ರುವರಿಯ ರಜೆಯಲ್ಲಿ ನಮ್ಮ ಮಕ್ಕಳು ಅಲ್ಲಿಗೆ ಹೋಗುವುದು, ಜೂನ್‌ನಲ್ಲಿ ಅಲ್ಲಿಯ ಹತ್ತು ಮಕ್ಕಳು ನಮ್ಮಲ್ಲಿಗೆ ಬರುವುದು ಎಂದು ಎರಡೂ ಶಾಲೆಗಳು ಗೊತ್ತುಮಾಡಿಕೊಂಡಿದ್ದವು. ಹಳದಿ ಜ್ವರದ ಲಸಿಕೆಯ ಪತ್ರ ಹಿಡಿದು ರಾಜಧಾನಿ ಅಕ್ರಾದಲ್ಲಿ ಇಳಿದಾಗ ಗಡಿಯಾರ ತಿರುಗಿಸುವ ಕೆಲಸವೇ ಇರಲಿಲ್ಲ. ಗ್ರೀನ್‌ವಿಚ್ ರೇಖೆ ಅಕ್ರಾದ ಪಕ್ಕದ ತೇಮಾ ಬಂದರನ್ನು ಹಾದುಹೋಗುತ್ತದೆ. ಚಳಿಗಾಲದಲ್ಲಿ ಎರಡೂ ಊರುಗಳಿಗೆ ಒಂದೇ ಸಮಯ. ಸಹಾರಾದ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳಿನಲ್ಲಿ ಸೂರ್ಯ ಹಾಲು ಬೆರೆಸಿದಂತೆ ಮಂಕಾಗಿದ್ದ.

ಮೊದಲ ದಿನವೇ ನಮಗೆಲ್ಲ ಹೊಸ ಹೆಸರು ಸಿಕ್ಕಿತು. ಈ ಕರಾವಳಿಯ ಫಾಂಟೆ ಜನರಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತದೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಹೆಣ್ಣು ಎಫುವಾ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಇದೇ ಊರಿನ ಎಂಫಾಂಟ್ಸಿಪಿಮ್ ಶಾಲೆಯಲ್ಲಿ ಓದಿದವರು ಎಂದು ಮಕ್ಕಳು ಹೆಮ್ಮೆಯಿಂದ ಹೇಳಿದರು. ನಾನು ಎಫುವಾ ಆದೆ. ಮಧ್ಯಾಹ್ನ ಬಾಳೆಯ ಜಾತಿಯ ಒಣಎಲೆಯಲ್ಲಿ ಸುತ್ತಿ ಬೇಯಿಸಿದ ಕೆಂಕಿ ಬಡಿಸಿದರು. ಮುಸುಕಿನ ಜೋಳದ ಹಿಟ್ಟನ್ನು ಹುಳಿಬರಿಸಿ ಮಾಡಿದ ಕಡುಬು ಅದು. ಜೊತೆಗೆ ಹುರಿದ ಮೀನು, ಖಾರದ ಚಟ್ನಿ. ಎಡಗೈ ಮುಂದೆ ಮಾಡಿದ ನಮ್ಮ ಹುಡುಗನ ಕೈಯನ್ನು ಅಡುಗೆಯ ಹೆಂಗಸು ಮೆಲ್ಲನೆ ಹಿಂದಕ್ಕೆ ಸರಿಸಿದಾಗ, ಅವನಿಗೆ ಕಾರಣ ಹೇಳಿದವಳು ನಾನೇ. ನನಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಸಂಜೆ ಮಾವಿನ ಮರದ ಬುಡದಲ್ಲಿ ಒಬ್ಬಳು ಹುಡುಗಿ ಮರದ ಮಣೆಯೊಂದನ್ನು ಬಿಡಿಸಿಟ್ಟಳು. ನನ್ನ ಎದೆ ಒಮ್ಮೆ ಜಿಗಿಯಿತು. ಚೆನ್ನೆಮಣೆ! ಆಟಿ ತಿಂಗಳ ಮಳೆಯಲ್ಲಿ ಅಮ್ಮನೆದುರು ಕುಳಿತು ಆಡುತ್ತಿದ್ದೆನಲ್ಲ, ಅದೇ. ಇಲ್ಲಿ ಅದರ ಹೆಸರು ಒವಾರೆ. ನಮ್ಮದರಲ್ಲಿ ಒಂದೊಂದು ಬದಿಗೆ ಏಳು ಗುಳಿ, ಇವರದರಲ್ಲಿ ಆರು. ಗುಳಿಗೆ ನಾಲ್ಕರಂತೆ ಒಟ್ಟು ನಲವತ್ತೆಂಟು ಕಾಯಿ, ಅದೂ ಬೂದುಬಣ್ಣದ ಗಜ್ಜುಗ. “ಮೇಡಂ, ನಿಮಗೆ ಬರುತ್ತದೆಯೇ?” ಎಂದಳು. ಬರುತ್ತದೆ ಎಂದು ಕುಳಿತೆ. ಮೂರು ಆಟ ಸೋತೆ. ಹಿಡಿಯುವ ನಿಯಮ ಬೇರೆ, ಆದರೆ ಬೆರಳುಗಳಿಂದ ಒಂದೊಂದೇ ಕಾಯಿ ಜಾರುವ ಆ ಟಕ್ ಟಕ್ ಸದ್ದು ನಮ್ಮ ಜಗಲಿಯದೇ.

ಮರುದಿನ ಕೋಟೆಗೆ ಹೋದೆವು. 1653ರಲ್ಲಿ ಸ್ವೀಡನ್ನಿನವರು ಶುರುಮಾಡಿದ ಈ ಕೋಟೆ ಮುಂದೆ ಬ್ರಿಟಿಷರ ಕೈಸೇರಿ ಗುಲಾಮರ ವ್ಯಾಪಾರದ ದೊಡ್ಡ ಠಾಣೆಯಾಯಿತು. ಗಂಡಸರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಯ ಮೇಲೆಯೇ ಪ್ರಾರ್ಥನೆಯ ಮನೆ. ಕೆಳಗೆ ನಾವು ತುಳಿಯುತ್ತಿದ್ದದ್ದು ಬರಿಯ ನೆಲವಲ್ಲ, ಮನುಷ್ಯರ ಮಲಮೂತ್ರ ವರ್ಷಗಟ್ಟಲೆ ಗಟ್ಟಿಯಾಗಿ ಕಲ್ಲಾದ ಪದರ ಎಂದು ಮಾರ್ಗದರ್ಶಕರು ಹೇಳಿದಾಗ ಯಾರೂ ಕಾಲು ಎತ್ತಿಡಲಿಲ್ಲ. 1698ರಿಂದ 1807ರವರೆಗೆ ಬ್ರಿಸ್ಟಲ್‌ನ ಹಡಗುಗಳು ಆಫ್ರಿಕಾದಿಂದ ಸಾಗಿಸಿದವರು ಸುಮಾರು ಐದು ಲಕ್ಷ ಜನ. ಈ ಅಂಕಿಯನ್ನು ನಾನು ತರಗತಿಯ ಹಲಗೆಯ ಮೇಲೆ ಬರೆದಿದ್ದೆ. ಇಲ್ಲಿ ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಜಮೈಕಾ ಮೂಲದ ನಮ್ಮ ಹುಡುಗನೊಬ್ಬ ಹೊರಗೆ ಹೋಗಿ ಗೋಡೆಗೆ ಒರಗಿ ಕುಳಿತ. ಒವಾರೆ ಹುಡುಗಿ ಅವನ ಪಕ್ಕ ಹೋಗಿ ಕುಳಿತಳು. ಇಬ್ಬರೂ ಮಾತಾಡಲಿಲ್ಲ, ನಾನೂ ಕರೆಯಲಿಲ್ಲ.

ಅಂಗಳದಲ್ಲಿ ಫಿಲಿಪ್ ಕ್ವಾಕ್ ಅವರ ಸಮಾಧಿ ಇದೆ. ಬುಧವಾರ ಹುಟ್ಟಿದವನ ಹೆಸರು ಕ್ವೇಕು; ಇಂಗ್ಲಿಷ್ ಬರಹದಲ್ಲಿ ಅದು ಹೀಗಾಯಿತು. 1754ರಲ್ಲಿ ಮೂವರು ಫಾಂಟೆ ಬಾಲಕರನ್ನು ಓದಲೆಂದು ಇಲ್ಲಿಂದ ಇಂಗ್ಲೆಂಡಿಗೆ ಕಳುಹಿಸಿದರು. ಮರಳಿದ್ದು ಒಬ್ಬರೇ. 1765ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ದೀಕ್ಷೆ ಪಡೆದ ಮೊದಲ ಆಫ್ರಿಕನ್ ಪಾದ್ರಿ ಅವರು. ಮರುವರ್ಷ ಊರಿಗೆ ಬಂದು, ಇದೇ ಕೋಟೆಯೊಳಗೆ ಮಕ್ಕಳಿಗೆ ಓದು ಕಲಿಸಿದರು. ಆದರೆ ಅಷ್ಟರಲ್ಲಿ ಫಾಂಟೆ ಭಾಷೆ ಮರೆತುಹೋಗಿತ್ತು. ತಮ್ಮ ಜನರೊಂದಿಗೆ ಮಾತಾಡಲು ಅವರಿಗೆ ದುಭಾಷಿ ಬೇಕಾಯಿತು. ಆ ಕಲ್ಲಿನ ಮುಂದೆ ನಾನು ಬಹಳ ಹೊತ್ತು ನಿಂತೆ. ನನ್ನ ಹನ್ನೊಂದು ವರ್ಷದ ಮಗ ಪುತ್ತೂರಿನ ಅಜ್ಜಿಯೊಂದಿಗೆ ಮಾತಾಡುವುದು ನನ್ನ ಮೂಲಕ. ದುಭಾಷಿ ನಾನೇ.

ಸಮುದ್ರದ ಕಡೆಯ ಬಾಗಿಲಿನ ಆಚೆ ಬಣ್ಣದ ದೋಣಿಗಳು ಸಾಲಾಗಿ ನಿಂತಿದ್ದವು. ಅಂದು ಮಂಗಳವಾರ, ಫಾಂಟೆ ಮೀನುಗಾರರು ಆ ದಿನ ಕಡಲಿಗೆ ಇಳಿಯುವುದಿಲ್ಲ. ಮರಳಿನ ಮೇಲೆ ಕುಳಿತು ಬಲೆ ಹೊಲಿಯುತ್ತಿದ್ದರು.

ಜೂನ್‌ನಲ್ಲಿ ಅವರು ಬ್ರಿಸ್ಟಲ್‌ಗೆ ಬಂದರು. ಹತ್ತು ಮಕ್ಕಳಲ್ಲ, ಎಂಟು. ಇಬ್ಬರ ಕಾಗದಪತ್ರ ಸಮಯಕ್ಕೆ ಕೈಸೇರಲಿಲ್ಲ. ನಮ್ಮ ಹತ್ತೂ ಮಕ್ಕಳು ತಡೆಯಿಲ್ಲದೆ ಹೋಗಿಬಂದಿದ್ದರು. ಅವರ ಹತ್ತರಲ್ಲಿ ಇಬ್ಬರು ಬ್ಯಾಗು ಕಟ್ಟಿಕೊಂಡು ಮನೆಯಲ್ಲೇ ಉಳಿದರು. ನನಗೆ ಇದರ ಸಿಟ್ಟು ಇಂದಿಗೂ ಆರಿಲ್ಲ. ಮನೆಯಲ್ಲೇ ಉಳಿದ ಆ ಇಬ್ಬರಲ್ಲಿ ಒವಾರೆ ಹುಡುಗಿಯೂ ಒಬ್ಬಳು.

ಬಂದವರನ್ನು ಬಂದರಿಗೆ ಕರೆದೊಯ್ದೆವು. 2020ರ ಜೂನ್ 7ರಂದು ಜನ ಉರುಳಿಸಿ ನೀರಿಗೆ ಎಸೆದ ಗುಲಾಮ ವ್ಯಾಪಾರಿ ಕೋಲ್ಸ್ಟನ್‌ನ ಪ್ರತಿಮೆಯ ಕಥೆ ಹೇಳಿದೆವು. ನೆವಿಸ್ ದ್ವೀಪದಿಂದ ಯಜಮಾನನೊಂದಿಗೆ ಇಲ್ಲಿಗೆ ಬಂದ ಪೆರೊ ಎಂಬ ಗುಲಾಮನ ಹೆಸರಿನ ಸೇತುವೆಯ ಮೇಲೆ ನಿಂತೆವು. ರಾತ್ರಿ ಒಂಬತ್ತಾದರೂ ಬೆಳಕಿದ್ದದ್ದು ಅವರಿಗೆ ದೊಡ್ಡ ಬೆರಗು.

ನಮ್ಮ ಮನೆಯಲ್ಲಿ ಉಳಿದಿದ್ದ ಹುಡುಗ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದ. “ಅವಳು ಕೊಟ್ಟದ್ದು, ಮೇಡಂ” ಎಂದು ಬಲಗೈಯಲ್ಲಿ ನೀಡಿದ. ಮಣೆ, ಗಜ್ಜುಗದ ಕಾಯಿಗಳು. ರಾತ್ರಿ ಊಟವಾದ ಮೇಲೆ ಅವಳಿಗೆ ವಿಡಿಯೊ ಕರೆ ಮಾಡಿ, ಫೋನನ್ನು ಲೋಟಕ್ಕೆ ಒರಗಿಸಿ ಇಟ್ಟೆವು. ಗುಳಿ ತುಂಬಿಸುವುದನ್ನು ಅವಳು ಅಲ್ಲಿಂದಲೇ ಹೇಳಿಕೊಟ್ಟಳು: ಕೋರ್, ಎಬಿಯೆನ್, ಎಬಿಯಾಸಾ, ಅನಾನ್. ನನ್ನ ಮಗ ಒಂದು ಬದಿ ತುಂಬಿಸುವವರೆಗೆ ಅವಳು ಎಣಿಸಿದಂತೆಯೇ ಎಣಿಸಿದ. “ನಿಮ್ಮ ಭಾಷೆಯಲ್ಲಿ ಹೇಗೆ?” ಎಂದು ಅವಳು ಕೇಳಿದಳು. ಅವನು ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ಎರಡನೆಯ ಬದಿಗೆ ಕೈಹಾಕಿ, ಒಂದೊಂದೇ ಕಾಯಿ ಬಿಡುತ್ತಾ ಅವನು ಶುರುಮಾಡಿದ: ಒಂದು, ಎರಡು, ಮೂರು, ನಾಲ್ಕು.