‘ನಾಟಕ ಸಾಕು, ಓಡು’ ಅಂದಿದ್ದೆ

ಹೋದ ವರ್ಷದ ಏಪ್ರಿಲ್. ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಮಾಡಲು ಎರಡೇ ದಿನ ಉಳಿದಿದ್ದವು. ಟೈಮ್‌ಟೇಬಲ್‌ನಲ್ಲಿ ನಮ್ಮ ಪ್ರಾಕ್ಟಿಕಲ್‌ಗೆ ಸಿಕ್ಕಿದ್ದು ಹನ್ನೊಂದೂವರೆಯ ಪೀರಿಯಡ್. ಧಾರವಾಡದ ಬೇಸಿಗೆಯಲ್ಲಿ ಆ ಹೊತ್ತಿಗೆ ಕೂಪರ್ ಟೆಸ್ಟ್ (ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡುತ್ತಾರೆ ಎಂದು ಅಳೆಯುವ ಪರೀಕ್ಷೆ) ಇಡಬಾರದು ಎಂದು ಕ್ಲಾಸಿನಲ್ಲಿ ಹೇಳಿಕೊಡುವವನೇ ನಾನು. ಆದರೂ ಇಟ್ಟೆ.

ನಾನು ಡಿಗ್ರಿ ಕಾಲೇಜಿನಲ್ಲಿ ಕ್ರೀಡಾ ವಿಜ್ಞಾನದ ಪಾಠ ಮಾಡುತ್ತೇನೆ. ರಂಗಭೂಮಿ ವಿಭಾಗದ ಹುಡುಗರೂ ಇಲೆಕ್ಟಿವ್ ಎಂದು ನಮ್ಮ ಪೇಪರ್ ತೆಗೆದುಕೊಳ್ಳುತ್ತಾರೆ. ಅವರ ಬಗ್ಗೆ ನನ್ನಲ್ಲೊಂದು ತಾತ್ಸಾರ ಇತ್ತು. ಓಡು ಅಂದರೆ ಕಾಲು ನೋವು, ರಿಹರ್ಸಲ್ ಇತ್ತು, ನಿದ್ದೆ ಇಲ್ಲ ಅನ್ನುತ್ತಾರೆ. ಎಲ್ಲಾ ನೆಪ ಅಂದುಕೊಂಡಿದ್ದೆ.

ಆ ಹುಡುಗ ಗದಗ ಕಡೆಯವನು. ಹಿಂದಿನ ರಾತ್ರಿ ಎರಡರವರೆಗೆ ದೊಡ್ಡಾಟದ ತಾಲೀಮು ಮಾಡಿ ಬಂದಿದ್ದ. ಟೆಸ್ಟಿಗೆ ಮೊದಲು ಅವನು ಅದನ್ನು ಹೇಳಿದ. ‘ಹನ್ನೆರಡು ನಿಮಿಷದ ಓಟ, ಅಷ್ಟೇ’ ಎಂದು ವಿಸಿಲ್ ಊದಿದೆ. ವ್ಯಾಯಾಮಕ್ಕೆ ಮೊದಲು ಆರೋಗ್ಯ ವಿಚಾರಿಸುವ ಪಿಎಆರ್-ಕ್ಯೂ ಫಾರ್ಮ್ ಜೂನ್‌ನಲ್ಲಿ ತುಂಬಿಸಿಕೊಂಡದ್ದು ಫೈಲಿನಲ್ಲಿತ್ತು. ಆ ದಿನ ಊಟ ಆಗಿದೆಯಾ, ನೀರು ಕುಡಿದಿದ್ದೀಯಾ, ಒಂದು ಮಾತೂ ಕೇಳಲಿಲ್ಲ.

ಏಳನೇ ನಿಮಿಷ ಇರಬೇಕು. ಅವನು ಲೇನ್ ಬಿಟ್ಟು ಅಡ್ಡಾದಿಡ್ಡಿ ಓಡತೊಡಗಿದ. ನನ್ನ ಮುಂದೆ ಬಂದಾಗ ‘ಸಾರಥೀ, ಎಲ್ಲಿದ್ದೀಯೋ’ ಎಂದು ಏನೇನೋ ಬಡಬಡಿಸುತ್ತಿದ್ದ. ದೊಡ್ಡಾಟ ನೋಡಿದವರಿಗೆ ಗೊತ್ತು, ವೇಷ ಒಳಗೆ ಬಂದ ಕೂಡಲೇ ಅದನ್ನು ಮಾತಾಡಿಸುವ ಸಾರಥಿಯ ಜೊತೆ ಮಾತು ಶುರುವಾಗುತ್ತದೆ. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಸ್ಟಾಪ್‌ವಾಚ್ ಎತ್ತಿ ಕೂಗಿದೆ, ‘ನಾಟಕ ಸಾಕು, ಓಡು!’

ಹತ್ತು ಹೆಜ್ಜೆ ಹೋಗಿರಬಹುದು, ಬಿದ್ದ. ಕೈ ಮುಂದೆ ಬರಲಿಲ್ಲ. ಮುಖ ಮೊದಲು ನೆಲಕ್ಕೆ ಬಡಿಯಿತು. ಆಗಲೂ ನಾನು ನಡೆದುಕೊಂಡೇ ಹೋದೆ. ಎಷ್ಟು ಸೆಕೆಂಡ್ ಹೋಯಿತೋ. ಆ ನಡಿಗೆ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮುಟ್ಟಿದರೆ ಮೈ ಕಾದ ಹಂಚಿನಂತಿತ್ತು, ಆದರೆ ಬೆವರು ಸುರಿಯುತ್ತಿತ್ತು. ಬೆವರುತ್ತಿದ್ದಾನೆ, ಹಾಗಾದರೆ ಹೀಟ್ ಸ್ಟ್ರೋಕ್ ಅಲ್ಲ ಅಂದುಕೊಂಡೆ. ಇದು ನನ್ನ ಎರಡನೇ ತಪ್ಪು. ಬಿಸಿಲಲ್ಲಿ ಸುಮ್ನೆ ಕೂತ ವಯಸ್ಸಾದವರಿಗೆ ಹೀಟ್ ಸ್ಟ್ರೋಕ್ ಹೊಡೆದಾಗ ಚರ್ಮ ಒಣಗಿರುವುದು ಜಾಸ್ತಿ. ಓಡುತ್ತಾ ಬಿದ್ದವನಿಗೆ ಬೆವರು ಹರಿಯುತ್ತಲೇ ಇರಬಹುದು. ನೋಡಬೇಕಾದದ್ದು ತಲೆ ನೆಟ್ಟಗಿದೆಯಾ ಎಂದು. ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮಾತು ತೊದಲಿತೆಂದರೆ, ಗಲಿಬಿಲಿಯಾಯಿತೆಂದರೆ ಬೇರೆ ಗುರುತು ಬೇಕಾಗಿಲ್ಲ. ಆ ಗುರುತನ್ನೇ ನಾನು ಡೈಲಾಗ್ ಅಂದುಕೊಂಡಿದ್ದೆ.

ಫಸ್ಟ್ ಏಡ್ ಬಾಕ್ಸ್ ಸ್ಟೋರ್ ರೂಮಿನಲ್ಲಿ. ಕೀಲಿ ಕ್ಲರ್ಕ್ ಹತ್ತಿರ. ಕ್ಲರ್ಕ್ ರಜೆ. ಇಬ್ಬರು ಹುಡುಗರು ‘ಸರ, ಬೈಕ್ ಮ್ಯಾಲ ನಡುವ ಕುಂಡ್ರಿಸ್ಕೊಂಡು ದವಾಖಾನಿಗೆ ಹೋಗೋಣ್ರಿ’ ಅಂದರು. ಹೂಂ ಅನ್ನಬೇಕೋ ಬೇಡವೋ ತಿಳಿಯದೆ ನಿಂತಿದ್ದೆ. ಮೊದಲು ತಂಪು ಮಾಡು, ಆಮೇಲೆ ಸಾಗಿಸು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ! ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಮೈದಾನದ ಮಾಲಿ ಕಾಕಾ ಪಿಚ್‌ಗೆ ನೀರು ಬಿಡುತ್ತಿದ್ದರು. ಯಾರೂ ಹೇಳಲಿಲ್ಲ. ಪೈಪ್ ಎಳೆದುಕೊಂಡು ಓಡಿ ಬಂದು ಅವನ ಮೈಮೇಲೆ ಬಿಟ್ಟರು. ‘ಸರ, ಅಂವ ನಾಟಕ ಮಾಡಾಕತ್ತಿಲ್ಲರಿ, ಅಂಗಿ ಬಿಚ್ಚ್ರಿ ಮೊದಲ’ ಅಂದರು. ಆಗ ನನಗೆ ಎಚ್ಚರ ಬಂತು. ಅಂಗಿ ಬಿಚ್ಚಿ ನೆರಳಿಗೆ ಎಳೆದೆವು. ಗೇಟಿನ ಹೊರಗಿನ ಕಬ್ಬಿನ ಹಾಲಿನ ಗಾಡಿಯಿಂದ ಐಸ್ ತಂದು ಟವೆಲ್‌ನಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟೆವು. ನೀರು ಬಿಡುತ್ತಲೇ ಇದ್ದೆವು, ಪುಸ್ತಕ ಹಿಡಿದು ಗಾಳಿ ಹಾಕಿದೆವು. 108 ಬರುವ ಹೊತ್ತಿಗೆ ಅವನು ಕಣ್ಣು ಬಿಟ್ಟು ‘ಎಷ್ಟು ರೌಂಡ್ ಆತ್ರಿ ಸರ?’ ಎಂದು ಕೇಳಿದ. ನಾನು ಆಚೆ ತಿರುಗಿ ಕಣ್ಣು ಒರೆಸಿಕೊಂಡೆ.

ಎರಡು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾಗಿ ಬಂದ. ಗದ್ದದ ಮೇಲೆ ಮೂರು ಹೊಲಿಗೆ.

ರಂಗಭೂಮಿ ವಿಭಾಗದ ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಸರ, ಅಂವ ಹೆಂಗ ಬಿದ್ದ?’ ಎಂದಷ್ಟೇ ಕೇಳಿದರು. ಹೇಳಿದೆ. ‘ನಮ್ಮ ಹುಡುಗರು ಹಂಗ ಬೀಳೂದಿಲ್ಲರಿ’ ಅಂದರು. ಆಮೇಲೆ ತಾಲೀಮಿಗೆ ಕರೆದುಕೊಂಡು ಹೋಗಿ ತೋರಿಸಿದರು. ರಂಗದ ಮೇಲೆ ಬೀಳುವವನು ಮೊದಲು ಮೊಣಕಾಲು ಮಡಚುತ್ತಾನೆ. ಆಮೇಲೆ ಪಿಂಡಿಯ ಪಕ್ಕ, ತೊಡೆ, ಸೊಂಟ, ಭುಜ ಒಂದೊಂದಾಗಿ ನೆಲಕ್ಕೆ ಮುಟ್ಟುತ್ತವೆ. ಗದ್ದ ಎದೆಗೆ ಒತ್ತಿಕೊಂಡಿರುತ್ತದೆ, ತಲೆ ಕೊನೆಗೆ ಮೆತ್ತಗೆ ಇಳಿಯುತ್ತದೆ. ಮೈ ಹೇಗೆ ಚಲಿಸುತ್ತದೆ ಎಂದು ಹೇಳುವ ಬಯೋಮೆಕ್ಯಾನಿಕ್ಸ್ ಪಾಠ ಮಾಡುವವನು ನಾನು. ಕೈ ಮುಂದೆ ಬಾರದ ಆ ಬೀಳುವಿಕೆಯನ್ನು ಕಣ್ಣಾರೆ ನೋಡಿಯೂ ಓದಲಾಗಲಿಲ್ಲವಲ್ಲ.

ಅದೇ ಸಂಜೆ ಇನ್ನೊಂದು ಕೆಲಸ ಮಾಡಿದೆ. ಕಿರೀಟ, ಕಟ್ಟಿಗೆಯ ಭುಜಕೀರ್ತಿ, ಎದೆಗವಚ ಎಲ್ಲಾ ಕಟ್ಟಿಕೊಂಡು ಒಬ್ಬ ಹುಡುಗ ಕುಣಿತ ಮುಗಿಸಿ ಹೊರಗೆ ಬಂದ. ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ. 15 ಸೆಕೆಂಡಿಗೆ 41. ಅಂದರೆ ನಿಮಿಷಕ್ಕೆ 164. ನಾವು ಟ್ರ್ಯಾಕ್ ಮೇಲೆ ಇಂಟರ್ವಲ್ (ಜೋರು ಓಟ, ನಡುನಡುವೆ ಸ್ವಲ್ಪ ಬಿಡುವು) ಓಡಿಸಿದಾಗ ಬರುವ ಲೆಕ್ಕವೇ ಅದು. ಇಂಥ ಕುಣಿತವನ್ನು ರಾತ್ರಿ ಎರಡರವರೆಗೆ ಮಾಡಿ ಬಂದವನಿಗೆ ನಾನು ‘ಅಷ್ಟೇ’ ಅಂದಿದ್ದೆ.

ಈಗ ಟೆಸ್ಟಿನ ದಿನ ಬೆಳಗ್ಗೆ ಪ್ರತಿಯೊಬ್ಬರಿಗೂ ನಾಲ್ಕು ಪ್ರಶ್ನೆ ಕೇಳುತ್ತೇನೆ: ನಿದ್ದೆ, ಊಟ, ನೀರು, ನಿನ್ನೆ ಏನು ಮಾಡಿದಿ. ರಿಹರ್ಸಲ್ ಇತ್ತು ಅಂದರೆ ಟೆಸ್ಟ್ ಮುಂದಕ್ಕೆ ಹಾಕುತ್ತೇನೆ. ಮಾರ್ಕ್ಸ್ ತಡವಾಗಿ ಎರಡು ಮೆಮೊ ಬಂದಿವೆ, ಬರಲಿ. ಫಸ್ಟ್ ಏಡ್ ಬಾಕ್ಸ್ ನನ್ನ ಟೇಬಲ್ ಕೆಳಗಿದೆ. ಪೀರಿಯಡ್ ಬದಲಿಸಿ ಎಂದು ಕೊಟ್ಟ ಮೂರು ಅರ್ಜಿಗೂ ಆಡಳಿತ ಮಂಡಳಿಯಿಂದ ಉತ್ತರ ಬಂದಿಲ್ಲ. ಅದಕ್ಕೇ ಹುಡುಗರನ್ನು ಬೆಳಗ್ಗೆ ಆರೂವರೆಗೆ ಕರೆಯುತ್ತೇನೆ. ಕಾಕಾ ಆ ದಿನಗಳಲ್ಲಿ ಪೈಪ್ ಸುತ್ತಿಡುವುದಿಲ್ಲ. ಟ್ರ್ಯಾಕ್ ಪಕ್ಕಕ್ಕೇ ಹಾಸಿ ಬಿಟ್ಟಿರುತ್ತಾರೆ.