ಚಕ್ಕೋತ ಮತ್ತು ವಿಮಾನ

ಅಕ್ಕನನ್ನು ವಿಮಾನ ಹತ್ತಿಸಿ ದಾವಣಗೆರೆಗೆ ವಾಪಸ್ ಬಂದಾಗ ಚೀಲದಲ್ಲಿ ಒಂದು ಚಕ್ಕೋತ ಇತ್ತು.

ಅವ್ವ ನೋಡಿ, "ಇದೇನೋ, ಕುಂಬಳಕಾಯಿ ತಂದೀಯಾ?" ಅಂದಳು.

ದೇವನಹಳ್ಳಿ ಹತ್ತಿರ ರಸ್ತೆ ಬದಿಯಲ್ಲಿ ಒಬ್ಬ ಅಜ್ಜಿ ನಾಲ್ಕೇ ನಾಲ್ಕು ಹಣ್ಣು ಇಟ್ಟುಕೊಂಡು ಕೂತಿದ್ದಳು. ಸುತ್ತ ಎಲ್ಲಾ ಸೈಟು, ಲೇಔಟು, ಅಪಾರ್ಟ್‌ಮೆಂಟ್ ಬೋರ್ಡು. ಆ ಹಣ್ಣಿಗೆ ಜಿಐ ಗುರುತು, ಅಂದರೆ ಈ ಊರಿನದೇ ವಿಶೇಷ ಅನ್ನುವ ಅಧಿಕೃತ ಮುದ್ರೆ, ಸಿಕ್ಕಿದೆ, ಆದರೆ ಗಿಡ ಎಲ್ಲಿವೆ ಅಂತ ಕಾರಿನ ಕಿಟಕಿಯಿಂದ ಹುಡುಕಿ ಹುಡುಕಿ ಸಾಕಾಯಿತು, ಒಂದೂ ಕಾಣಲಿಲ್ಲ. ಟಿಪ್ಪು ಹುಟ್ಟಿದ ಊರು, ಕೋಟೆ ಇರುವ ಊರು. 2008ರ ಮೇನಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ನಮ್ಮಂಥವರಿಗೆ ಅದು ಬರೀ ಏರ್‌ಪೋರ್ಟು. ಸುಮಾರು 4,000 ಎಕರೆ ಅಂದರೆ ಸುಮ್ನೆ ಮಾತಾ?

ಬೆರಳಿನಷ್ಟು ದಪ್ಪ ಸಿಪ್ಪೆ. ಅದರೊಳಗೆ ಬೆಳ್ಳನೆಯ ಮೆತ್ತೆ. ಬಿಡಿಸಿದಷ್ಟೂ ಮುಗಿಯುವುದಿಲ್ಲ, ಕೊನೆಗೆ ಎಲ್ಲೋ ಒಳಗೆ ಗುಲಾಬಿ ಬಣ್ಣದ ತೊಳೆ.

"ಹತ್ತಿ ತುಂಬಿದಂಗ ಐತಿ ನೋಡು" ಅಂದಳು ಅವ್ವ. ಹತ್ತಿ ಗಿರಣಿಗಳ ಊರಿನವಳು, ಮತ್ತೇನು ನೆನಪಾಗಬೇಕು! ನಮ್ಮೂರನ್ನೂ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು, ಊರು ಬೆಳೆದದ್ದೇ ಮಿಲ್ಲಿನಿಂದ. ಈಗ ಹೊರಗಿನವರಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ. ಇನ್ನು ಐವತ್ತು ವರ್ಷಕ್ಕೆ ದೇವನಹಳ್ಳಿ ಅಂದರೆ ಏನು ನೆನಪಾಗುತ್ತೋ.

ಉಪ್ಪು ಖಾರ ಹಚ್ಚಿ ತಿಂದೆವು. ಸ್ವಲ್ಪ ಕಹಿ ಇತ್ತು, ಬಿಡಿಸಿದ್ದು ನಾನೇ, ಬಿಳಿ ಭಾಗ ಸರಿಯಾಗಿ ತೆಗೆದಿರಲಿಲ್ಲ.

ಅಕ್ಕ ಇಳಿದಳಾ, ಫೋನ್ ಬಂತಾ ಅಂತ ಅವ್ವ ಮೂರನೇ ಸಲ ಕೇಳುತ್ತಿದ್ದಾಳೆ.